ಮೊತ್ತದ ಮೇಲೆ ಜೂಜು, ಹೊಳೆಪ್ಪನ ಕೈ ಮೇಲೆ ಕಲ್ಲು

ಮಾನ್ಯ ಫೌಜದಾರ ಸಾಹೇಬರೇ,

ಬರುವ ಭಾನುವಾರ ನಾಲ್ಕು ಊರುಗಳ ಕ್ರಿಕೆಟ್ ಕಪ್ಪಿನ ಕೊನೆಯ ಪಂದ್ಯ. ಅಂದು ತಮ್ಮ ಕಣ್ಣೆದುರೇ ಮತ್ತೊಬ್ಬನ ಕೈ ಮುರಿಯಲಿದೆ, ಅಥವಾ ಅದಕ್ಕಿಂತ ಹೆಚ್ಚಿನದೇನೋ ಆಗಲಿದೆ. ಮುಂಚಿತವಾಗಿ ತಿಳಿಸಲಿಲ್ಲವೆಂದು ತಾವು ಆಮೇಲೆ ಹೇಳಬಾರದೆಂದು ಈ ಪತ್ರ.

ನಾನು ಸಾಲಿ ಮಾಸ್ತರ. ಪಂದ್ಯಗಳಲ್ಲಿ ರನ್ ಬರೆಯುವವನು. ಹೋದ ವರ್ಷದವರೆಗೆ ಜನ ಬಂದು "ಯಾರು ಗೆದ್ದರು?" ಎಂದು ಕೇಳುತ್ತಿದ್ದರು. ಈ ವರ್ಷ ಕೇಳುವುದು ಒಂದೇ, "ಮೊತ್ತ ಎಷ್ಟು?" ಚನಮಲ್ಲಪ್ಪನೆಂಬ ಅಡತಿ ವ್ಯಾಪಾರಿ ಪಂದ್ಯಕ್ಕೊಂದು ಅಂಕಿ ಹೇಳುತ್ತಾನೆ. ತಂಡದ ಮೊತ್ತ ಅದನ್ನು ದಾಟುತ್ತದೋ ಇಲ್ಲವೋ ಎಂಬುದರ ಮೇಲೆ ಜೂಜು. ಗಾವಠಿ ದಾರುವಿನ ವಾಸನೆಯನ್ನು ಮೂರು ಹರದಾರಿಯಿಂದ ಹಿಡಿಯುವ ತಮ್ಮ ಶಿಪಾಯಿಗಳ ಮೂಗಿಗೆ, ಮೈದಾನದ ನಡುವೆ ನಡೆಯುವ ಈ ವ್ಯವಹಾರ ಬಡಿಯದಿರುವುದು ಯಾವ ನೆಗಡಿಯಿಂದ?

ರಬಕವಿ ಮತ್ತು ಮುಧೋಳದ ನಡುವಿನ ಪಂದ್ಯಕ್ಕೆ ಚನಮಲ್ಲಪ್ಪ ಇಟ್ಟ ಅಂಕಿ ನೂರಾ ಐವತ್ತು. ದಾಟುವುದಿಲ್ಲವೆಂದು ಅವನೂ, ಅವನ ಮಾತು ನಂಬಿದ ನಮ್ಮೂರಿನ ಬಹಳ ಜನರೂ ಹಣ ಕಟ್ಟಿದ್ದರು. ಮೊದಲು ಆಡಿದ್ದು ನಮ್ಮ ರಬಕವಿ. ಮೊತ್ತ ನೂರಾ ನಲವತ್ತು ದಾಟಿದ ಮೇಲೆ ಮೈದಾನ ವಿಚಿತ್ರವಾಯಿತು. ನಮ್ಮ ಹುಡುಗ ಚೆಂಡು ಬಾರಿಸಿದರೆ ನಮ್ಮವರೇ ಹಲ್ಲು ಕಡಿದರು. ನಮ್ಮವನು ಔಟಾದರೆ ನಮ್ಮವರೇ ಚಪ್ಪಾಳೆ ತಟ್ಟಿದರು. ಇಪ್ಪತ್ತು ವರ್ಷ ಆಟ ನೋಡಿದ ನನಗೆ ಅಂದು ಮೊದಲ ಬಾರಿ ಆ ಚಪ್ಪಾಳೆಯಿಂದ ಹೆದರಿಕೆಯಾಯಿತು.

ನೂರಾ ನಲವತ್ತೆಂಟಕ್ಕೆ ಒಂಬತ್ತು ಜನ ಔಟಾಗಿದ್ದರು. ಕೊನೆಯ ಜೋಡಿಯಲ್ಲಿ ಆಡುತ್ತಿದ್ದ ನೇಕಾರ ಹೊಳೆಪ್ಪ ನೀರು ಕುಡಿಯುವ ನೆಪದಲ್ಲಿ ನನ್ನ ಮೇಜಿನ ಬಳಿ ಬಂದ.

"ಮಾಸ್ತರ್ರ, ಚನಮಲ್ಲಪ್ಪನ ಮಂದಿ ಇಬ್ರು ಬಂದಿದ್ರು. ಇನ್ನ ರನ್ ಹೊಡದ್ರ ಕೈ ಉಳ್ಯೂದಿಲ್ಲ ಅಂದಾರ."

"ನೀ ಏನಂದಿ?"

"ಊರಿನ ಸಲುವಾಗಿ ಆಡಾಕತ್ತೇನಿ ಅಂದ್ನಿರಿ. ಮತ್ತೇನ ಅನ್ಲಿ?"

ನಾನು ಶಾಮಿಯಾನಕ್ಕೆ ಓಡಿ ತಮಗೆ ಎಲ್ಲ ಹೇಳಿದೆ. ತಾವು ಚನಮಲ್ಲಪ್ಪನ ಪಕ್ಕದ ಕುರ್ಚಿಯಲ್ಲೇ ಇದ್ದಿರಿ. "ಆಟದಾಗ ಇವೆಲ್ಲಾ ಇರೂವ, ಮಾಸ್ತರ. ಚಹಾ ತಗೋರಿ" ಎಂದಿರಿ. ಅಷ್ಟರಲ್ಲಿ ಹೊಳೆಪ್ಪ ನಾಲ್ಕು ಬಾರಿಸಿದ. ಮರುಚೆಂಡಿಗೆ ಔಟಾದ. ಮೊತ್ತ ನೂರಾ ಐವತ್ತೆರಡು. ಮುಧೋಳ ನೂರಾ ನಲವತ್ತೊಂಬತ್ತಕ್ಕೆ ಮುಗಿಯಿತು. ಆ ನಾಲ್ಕು ಇರದಿದ್ದರೆ ನಾವು ಸೋಲುತ್ತಿದ್ದೆವು.

ಮೂರನೆಯ ದಿನ ಹೊಳೆಪ್ಪ ನೂಲು ತೊಳೆಯಲು ಕೃಷ್ಣೆಗೆ ಹೋಗಿದ್ದಾಗ ನಾಲ್ವರು ಅವನ ಬಲಗೈಯನ್ನು ಬಂಡೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದರು. ಹಾಡಹಗಲು. ಬಟ್ಟೆ ಒಗೆಯುತ್ತಿದ್ದವರೆಲ್ಲ ನೋಡಿದರು, ಕೇಳಿದರೆ ಯಾರೂ ನೋಡಿಲ್ಲ. ತಮ್ಮ ಠಾಣೆಯಲ್ಲಿ ಬರೆದುಕೊಂಡದ್ದು "ಸೈಕಲ್ಲಿನಿಂದ ಬಿದ್ದು ಗಾಯ". ಸಾಹೇಬರೇ, ಹೊಳೆಪ್ಪನಿಗೆ ಸೈಕಲ್ಲೇ ಇಲ್ಲ, ಹೊಡೆಯಲೂ ಬರುವುದಿಲ್ಲ.

ನೋಡಲು ಹೋದಾಗ ಮಗ್ಗದಲ್ಲಿ ಅವನ ಹೆಂಡತಿ ಶಂಕ್ರೆವ್ವ ಕೂತಿದ್ದಳು. ಲಾಳಿ ನಡುವೆಯೇ ನಿಲ್ಲುತ್ತಿತ್ತು. ಹೊಳೆಪ್ಪ ಗೋಡೆಗೆ ಒರಗಿ, "ಜೋರ ಜಗ್ಗ ಬೇ, ಅಂಜಬ್ಯಾಡ" ಎನ್ನುತ್ತಿದ್ದ. ಅವಳು ನನ್ನತ್ತ ತಿರುಗಿದಳು. "ನೀವರ ಎರಡ ರನ್ ಕಮ್ಮಿ ಬರೀಬಾರದಿತ್ತೇನ್ರಿ ಮಾಸ್ತರ್ರ?" ಎಂದಳು. ನಾನು ಎದ್ದು ಬಂದೆ.

ಅದೇ ಮಾತನ್ನು ನಿನ್ನೆ ಚನಮಲ್ಲಪ್ಪ ಸಾಲಿಯ ಬಾಗಿಲಲ್ಲಿ ನಿಂತು ಬೇರೆ ಧಾಟಿಯಲ್ಲಿ ಹೇಳಿದ. "ಐತವಾರ ಜಮಖಂಡಿಯವರ ಜೋಡಿ ಆಟ ಐತಿ. ಒಂದ ಅಂಕಿ ಹಿಂದ ಮುಂದ ಬರದ್ರ ಯಾರಿಗಿ ತಿಳೀತೈತ್ರಿ? ಬರಿಯೂ ಕೈ ನಿಮ್ದೂ ಒಂದ ಅಲ್ಲ?" ನಗುತ್ತಲೇ ಹೇಳಿದ. ನನ್ನ ಮಕ್ಕಳ ಹೆಸರು ಹಿಡಿದು ಕ್ಷೇಮ ವಿಚಾರಿಸಿ ಹೋದ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗ ಕಾಯದೆ ಎಲ್ಲರಿಗೂ ಒಂದೇ ಎಂದು ಇದೇ ಮೈದಾನದಲ್ಲಿ ನಮಗೆ ಭಾಷಣ ಮಾಡಿದ್ದರು. ಆ ಒಂದೇ ಕಾಯದೆ ಈಗ ಯಾರ ಕಿಸೆಯಲ್ಲಿದೆ?

ನನ್ನ ಬೇಡಿಕೆ ದೊಡ್ಡದಲ್ಲ. ಹೊಳೆಪ್ಪನ ಫಿರ್ಯಾದಿಯನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳಿರಿ. ಹೊಡೆದ ನಾಲ್ವರನ್ನು ಭಾನುವಾರದೊಳಗೆ ಹಿಡಿಯಿರಿ. ನನ್ನ ಹೆಂಡತಿ ಮಥುರಾಬಾಯಿ ಪಂದ್ಯಕ್ಕೆ ಹೋಗಬೇಡವೆಂದು ಅಳುತ್ತಿದ್ದಾಳೆ. ನಾನು ಹೋಗುತ್ತೇನೆ. ಆದ ರನ್ನನ್ನೇ ಬರೆಯುತ್ತೇನೆ. ಅಂದು ತಾವು ಎಲ್ಲಿ ಕೂಡುತ್ತೀರಿ ಎಂಬುದನ್ನು ನಾಲ್ಕೂ ಊರಿನ ಜನ ನೋಡುತ್ತಾರೆ.

ಇಂತಿ,
ಸೋಮವಾರವೂ ಕೈಯಲ್ಲಿ ಖಡು ಹಿಡಿದು ಹಲಗೆಯ ಮೇಲೆ ಬರೆದು ಪಾಠ ಹೇಳುವ ಆಸೆಯುಳ್ಳ
ಶ್ರೀನಿವಾಸ ಮಾಸ್ತರ, ರಬಕವಿ