ಒಂದೇ ಬುಟ್ಟಿಯ ಫೋನುಗಳು

ನಾರಾವಿ
೨ ಜುಲೈ ೨೦೨೦

ಮೂಡುಬಿದಿರೆಯ ಹೊಸ ಸೊಸೆ ವಿಸ್ಮಿತಾಳಿಗೆ, ಮಂಟಪದವರೆಗೆ ಬರಲಾಗದ ಸೋದರಮಾವನ ಆಶೀರ್ವಾದಗಳು.

ಫೋನಿನ ಮೇಲೆ ನಂಬಿಕೆ ಹೋಗಿದೆ, ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನವನ ಅಕ್ಷರ ನೋಡಿ ನಿನ್ನ ಗಂಡ ನಕ್ಕರೆ, ಇದೇ ಕೈ ಇಪ್ಪತ್ತಾರು ಬಾವಿಗೆ ನೀರಿನ ಜಾಗ ತೋರಿಸಿದೆ ಎನ್ನು. ಬತ್ತಿದ ನಾಲ್ಕರ ಸುದ್ದಿ ಎತ್ತಬೇಡ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಪಾದೆಕಲ್ಲಿನ ಮೇಲೆ ಮಾತ್ರ. ಸುತ್ತಲಿನ ಮನೆಯವರೆಲ್ಲ ಬೆಳಿಗ್ಗೆ ಫೋನುಗಳನ್ನು ಅಲ್ಲಿ ಒಂದೇ ಬುಟ್ಟಿಯಲ್ಲಿಟ್ಟು ಕೆಲಸಕ್ಕೆ ಹೋಗುವುದು, ರಿಂಗಾದರೆ ಹತ್ತಿರವಿದ್ದವರು ಕೂಗುವುದು. ಆ ಉಪಾಯ ನನ್ನದೇ. ಸರ್ಕಾರದ ಕೊರೊನಾ ಆ್ಯಪನ್ನು ಎಲ್ಲರಿಗೂ ಹಾಕಿಸಿದವನೂ ನಾನೇ. ಆಶಾ ಕಾರ್ಯಕರ್ತೆ ಲೋಲಾಕ್ಷಿ, ‘ಗುರುವಪ್ಪಣ್ಣ, ನೀವೊಬ್ರಿದ್ರೆ ಸಾಕು’ ಎಂದದ್ದನ್ನು ಊರಿಡೀ ಹೇಳಿಕೊಂಡು ತಿರುಗಿದ್ದೆ.

ಆ ಆ್ಯಪ್ ಮನುಷ್ಯರನ್ನು ನೋಡುವುದಿಲ್ಲ, ಯಾವ ಫೋನಿನ ಹತ್ತಿರ ಯಾವ ಫೋನಿತ್ತು ಎಂದಷ್ಟೇ ನೋಡುತ್ತದೆ. ಅದು ಯಾರಿಗೆ ಗೊತ್ತಿತ್ತು ಮಾರಾಯ್ತಿ! ಪಕ್ಕದ ಮನೆಯ ಜತ್ತಪ್ಪನಿಗೆ ಪಾಸಿಟಿವ್ ಬಂತು. ಬೇಲಿಯ ಜಗಳದಿಂದ ನಾನೂ ಅವನೂ ಮೂರು ವರ್ಷ ಮುಖ ಕೊಟ್ಟು ಮಾತಾಡಿಲ್ಲ. ಫೋನುಗಳು ಮಾತ್ರ ದಿನವಿಡೀ ಒಂದಕ್ಕೊಂದು ಒರಗಿ ಮಲಗಿದ್ದವು.

ನಿನ್ನ ಮದುವೆಯ ದಿನ ಬಂಟ್ವಾಳದ ಮದುವೆ ಹಾಲ್‌ನ ಬಾಗಿಲಲ್ಲಿ ನಿನ್ನ ಚಿಕ್ಕಪ್ಪ ಸಂದೇಶ್ ನನ್ನ ಫೋನಿನ ಆ್ಯಪ್ ನೋಡಿ, ‘ಕಿತ್ತಳೆ ಬಣ್ಣ ಬಂದಿದೆ ಭಾವ, ಒಳಗೆ ಬಿಡ್ಲಿಕ್ಕಿಲ್ಲ’ ಎಂದ. ಬುಟ್ಟಿಯ ವಿಷಯ ಹೇಳಿದೆ. ಭಾವನದ್ದು ಮತ್ತೊಂದು ಕಥೆ ಎಂದು ಎಲ್ಲರೂ ನಕ್ಕರು. ಜೀವಮಾನವಿಡೀ ಬಡಾಯಿ ಬಿಟ್ಟವನಿಗೆ ಅದೊಂದು ದಿನ ಸಾಕ್ಷಿ ಬೇಕಾಯಿತು. ವಿಸ್ಮಿತಾಳನ್ನೇ ಕೇಳಿ, ಅವಳು ಬುಟ್ಟಿ ನೋಡಿದ್ದಾಳೆ ಎಂದೆ.

ನೀನು ಬಾಗಿಲಿಗೆ ಬಂದೆ. ನೆಲ ನೋಡುತ್ತಾ, ‘ನಂಗೆ ಗೊತ್ತಿಲ್ಲ ಚಿಕ್ಕಪ್ಪ, ಮಾವ ಏನೇನೋ ಹೇಳ್ತಾರೆ’ ಎಂದೆ.

ಸೋದರಮಾವ ಕೈಹಿಡಿದು ಮದುಮಗಳನ್ನು ಮಂಟಪಕ್ಕೆ ತರುವುದು ನಮ್ಮ ಕ್ರಮ. ನಿನ್ನನ್ನು ಸಂದೇಶ್ ತಂದನಂತೆ. ನಾನು ಹೊರಗೆ ಜೀಪಿನಲ್ಲಿ ಕೂತು ವಾದ್ಯ ಕೇಳಿದೆ. ಬಣ್ಣ ಬದಲಿಸಿದ ಫೋನಿನ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ನನ್ನ ಪರಿಚಯವಿಲ್ಲ. ನನ್ನ ಬಡಾಯಿಗೆ ತೊಡೆ ಮೇಲೆ ಕೂತು ನಗುತ್ತಿದ್ದವಳು ನೀನು. ಯಾವುದು ಬಡಾಯಿ, ಯಾವುದು ನಿಜ ಎಂದು ನಿನಗಾದರೂ ತಿಳಿಯುತ್ತದೆ ಎಂದುಕೊಂಡಿದ್ದೆ.

ಟೆಸ್ಟಿನಲ್ಲಿ ನನಗೇನೂ ಇಲ್ಲವೆಂದು ಬಂತು. ಕೇಳಲಿಲ್ಲ ನೀನು, ಆದರೂ ಬರೆದೆ.

ಇಂತು, ಏನೇನೋ ಹೇಳುವ ನಿನ್ನ ಮಾವ
ಗುರುವಪ್ಪ

ಮತ್ತೆ ನೆನಪಾದದ್ದು: ಮದುವೆಗೆ ಮುಂಚೆ ಎರಡು ದಿನ ಬಂದಿದ್ದೆಯಲ್ಲ, ಆಗ ನಿನ್ನ ಫೋನೂ ಅದೇ ಬುಟ್ಟಿಯಲ್ಲಿತ್ತು. ನೀನು ಹೌದೆಂದಿದ್ದರೆ ಮದುಮಗಳ ಫೋನನ್ನೂ ಕೇಳುತ್ತಿದ್ದರು, ಮುಹೂರ್ತ ತಪ್ಪುತ್ತಿತ್ತು. ಇದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಮರುದಿನ ಬುಟ್ಟಿಯಲ್ಲಿದ್ದ ಫೋನಿನವರ ಹೆಸರು ಬರೆದುಕೊಳ್ಳಲು ಲೋಲಾಕ್ಷಿ ಬಂದಳು. ಒಂಬತ್ತು ಹೆಸರು ಕೊಟ್ಟೆ. ಅಷ್ಟೂ ಮನೆಯ ಬಾಗಿಲಿಗೆ ಹದಿನಾಲ್ಕು ದಿನದ ಚೀಟಿ ಅಂಟಿಸಿದರು. ಮತ್ತೆ ಯಾರದ್ದಾದರೂ ಉಂಟಾ ಎಂದು ಕೇಳಿದಳು. ಇಲ್ಲ ಎಂದೆ. ಅದನ್ನು ಮಾತ್ರ ಅವಳು ಕೂಡಲೇ ನಂಬಿದಳು.