ಕಣ್ಣಿನ ಬಾವಿಗೆ ನೀವು ಹಾಕಿಸಿದ ಬಾಣ

ಕೌಂಟಿಯ ಪರಂಪರೆ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ನಮ್ಮ ಕ್ಲೂನ್‌ಬ್ರಾಕ್‌ನ ಕಣ್ಣಿನ ಬಾವಿಯ ಸುತ್ತ ನೀವು ಹಾಕಿಸಿರುವ ಬಾಣದ ಗುರುತು ತಪ್ಪು ದಿಕ್ಕಿಗಿದೆ. ಅದನ್ನು ತಿರುಗಿಸಿ. ಹೇಳಬೇಕಾದದ್ದು ಇಷ್ಟೇ. ಇಷ್ಟನ್ನೇ ಬೇಸಿಗೆಯಿಂದ ನಿಮ್ಮ ಕಚೇರಿಗೆ ಹೇಳುತ್ತ ಬಂದೆ. ಅಲ್ಲಿ ಯಾರ ಕಿವಿಗೂ ಬೀಳಲಿಲ್ಲ, ಹಾಗಾಗಿ ಈಗ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವ ಅಭ್ಯಾಸ ನಿಮಗೆ ಇರುವುದಾದರೆ.

ಬಾವಿ ಎಂದರೆ ಮುಳ್ಳುಮರದ ಬುಡದಲ್ಲಿರುವ ಮೊಣಕಾಲುದ್ದದ ಒರತೆ, ಅದರ ನೀರು ಹಚ್ಚಿದರೆ ಕಣ್ಣಿನ ಬೇನೆ ವಾಸಿಯಾಗುತ್ತದೆಂದು ನಂಬಿಕೆ. ಅದನ್ನು ಬಳಸಿ ಎದೆಯೆತ್ತರದ ಹಳೆಯ ಕಲ್ಲುಗೋಡೆ. ಕಳೆದ ವಸಂತದಲ್ಲಿ ನಿಮ್ಮವರು ಬಂದು ಗೋಡೆಯ ಸುತ್ತ ಜಲ್ಲಿ ಸುರಿದರು, ದಾರಿಯ ಎರಡೂ ಬದಿಗೆ ಕಬ್ಬಿಣದ ಕಂಬಿ ನೆಟ್ಟರು, ಒಂದೇ ಕಡೆಗೆ ತಿರುಗುವ ಗೇಟು ಕೂರಿಸಿದರು. ಬಸ್ಸು ನಿಲ್ಲುವ ಕಡೆಯಿಂದ ಒಳಗೆ, ಕಾಫಿ ಗಾಡಿಯ ಪಕ್ಕದಿಂದ ಹೊರಗೆ. ಬಸ್ಸಿಗೂ ಅನುಕೂಲ, ಕಾಫಿಗೂ ಅನುಕೂಲ. ಆದರೆ ಆ ದಾರಿ ಬಾವಿಯನ್ನು ಎಡಗೈಗೆ ಬಿಟ್ಟು ಸುತ್ತಿಸುತ್ತದೆ. ಬಾವಿಯನ್ನು ಬಲಗೈಗೆ ಇಟ್ಟುಕೊಂಡು, ಸೂರ್ಯ ಹೋದ ಹಾಗೆ ಸುತ್ತಿದರೆ ಅದು ಹರಕೆ. ಎಡಗೈಗೆ ಬಿಟ್ಟು ಸುತ್ತಿದರೆ ಶಾಪ. ನಮ್ಮಲ್ಲಿ ಇದು ಮೊಲೆಹಾಲಿನ ಜೊತೆಗೇ ಬಂದ ತಿಳಿವಳಿಕೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಜಮೀನ್ದಾರನ ಏಜೆಂಟನೊಬ್ಬ ಒಬ್ಬ ವಿಧವೆಯ ಮನೆಯ ಸೂರು ಕೀಳಿಸಿದ. ಅವಳು ಹೋಗಿ ಬಾವಿಯನ್ನು ಎಡಕ್ಕೆ ಸುತ್ತಿ ಬಂದಳು. ಆ ವಾರ ಏಜೆಂಟನ ಕುದುರೆ ಮನೆಗೆ ಬಂತು, ಏಜೆಂಟ ಬರಲಿಲ್ಲ. ಅವಳಿಗೂ ಆಮೇಲೆ ಒಳ್ಳೆಯದಾಗಲಿಲ್ಲ ಅನ್ನಿ. ಹಾಗೆ ಸುತ್ತಿದವರಿಗೆ ಆಗುವುದಿಲ್ಲ. ಇಂಥ ಸುತ್ತನ್ನು ನೀವು ಸಾರ್ವಜನಿಕರಿಗೆ ಕಡ್ಡಾಯ ಮಾಡಿದ್ದೀರಿ.

ಇದು ಗೊತ್ತಿಲ್ಲದೆ ಆದ ತಪ್ಪು ಎನ್ನೋಣವೆಂದರೆ ಅದಕ್ಕೂ ಎಡೆಯಿಲ್ಲ. ಗೇಟಿನ ಬಳಿ ನೀವೇ ನಿಲ್ಲಿಸಿದ ಫಲಕದಲ್ಲಿ, ಐರಿಷ್‌ನಲ್ಲೊಮ್ಮೆ ಇಂಗ್ಲಿಷ್‌ನಲ್ಲೊಮ್ಮೆ, ‘ಭಕ್ತರು ಸೂರ್ಯನ ಗತಿಯಲ್ಲೇ ಬಾವಿಯನ್ನು ಸುತ್ತುತ್ತಿದ್ದರು’ ಎಂದು ಬರೆದಿದೆ. ಅದರ ಕೆಳಗೇ ಬಾಣ, ಉಲ್ಟಾ ದಿಕ್ಕಿಗೆ! ಫಲಕ ಬರೆದವರಿಗೂ ಬಾಣ ಬಳಿದವರಿಗೂ ಮಾತುಕತೆ ಇಲ್ಲವೇ? ಮತ್ತೆ, ‘ಸುತ್ತುತ್ತಿದ್ದರು’ ಅಂದರೆ ಏನು? ನಾವೆಲ್ಲ ಯಾವಾಗ ಸತ್ತೆವು?

ನನ್ನ ಅಕ್ಕ ಅಟ್ರಾಕ್ಟಾಳ ವಿಷಯ ಹೇಳುತ್ತೇನೆ. ಅವಳ ಕಣ್ಣು ಅಂಚಿನಿಂದ ಒಳಕ್ಕೆ ಆರುತ್ತ ಬಂದಿದೆ. ಈಗ ಉಳಿದಿರುವುದು ಬೀಗದ ಕಿಂಡಿಯಷ್ಟು ಬೆಳಕು. ಜುಲೈನ ಕೊನೆಯ ಭಾನುವಾರ ಬಾವಿಯ ಹಬ್ಬಕ್ಕೆ ಅವಳು ಒಂದು ವರ್ಷವೂ ತಪ್ಪಿಸಿದವಳಲ್ಲ. ಬಲಗೈಯನ್ನು ಗೋಡೆಯ ಮೇಲಿಟ್ಟು, ಜಪಸರ ಹೇಳುತ್ತ, ಲೆಕ್ಕಕ್ಕೆ ಸುತ್ತಿಗೊಂದು ಬೆಣಚುಕಲ್ಲು ಹಾಕುತ್ತ ತಾನೇ ಸುತ್ತುತ್ತಿದ್ದಳು. ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಈ ಸಲ ಗೇಟಿನಲ್ಲಿ ನಿಮ್ಮ ಹಳದಿ ಅಂಗಿಯವನು ನಿಂತಿದ್ದ. ಪಕ್ಕದೂರಿನವನೇ.

“ಈ ಕಡೆಯಿಂದಮ್ಮಾ, ಒನ್‌ವೇ ಇದೆ.”

“ಎಡಕ್ಕಾ?” ಅಂದಳು ಅಕ್ಕ. “ಯಾರಿಗಪ್ಪಾ ಶಾಪ ಹಾಕ್ಬೇಕು? ಹೆಸ್ರು ಹೇಳು, ಒಂದ್ ಸುತ್ತು ಹೋಗ್ಬರ್ತೀನಿ.”

ಅವನ ಮುಖ ಕೆಂಪಾಯಿತು. “ನಂಗೂ ಗೊತ್ತಮ್ಮಾ, ನಮ್ಮಜ್ಜಿ ಇದ್ದಿದ್ರೆ ನನ್ನ ಕಾಲು ಮುರೀತಿದ್ಲು. ಆದ್ರೆ ಬಾಣ ನಂದಲ್ಲ.”

ಹಿಂದೆ ನಿಂತಿದ್ದ ನೆರೆಮನೆಯ ಮಲಾಕಿ, “ಅಟ್ರಾಕ್ಟಾ, ಹಿಂದ್‌ಹಿಂದಕ್ಕೆ ನಡೆದ್ರೆ? ಬಾವಿ ಬಲಕ್ಕೇ ಬರ್ತದಲ್ಲ” ಅಂದ.

“ದೇವ್ರ ಹತ್ರ ಹೋಗೋವಾಗ ಬೆನ್ನು ತೋರ್ಸಕ್ಕೆ ನಾನೇನು ಕೌನ್ಸಿಲರ್ರಾ? ಸುಮ್ನಿರೋ.”

ಎಲ್ಲರೂ ನಕ್ಕರು. ಮಲಾಕಿ ಹೊರಹೋಗುವ ಗೇಟಿನಿಂದ ಒಳನುಗ್ಗಲು ಹೋಗಿ ಸೊಂಟ ಸಿಕ್ಕಿಸಿಕೊಂಡ. ಅವನನ್ನು ಎಳೆದು ತೆಗೆಯುವಾಗ ಇನ್ನಷ್ಟು ನಕ್ಕರು. ಅಕ್ಕ ಮಾತ್ರ ಕಂಬಿಯ ಆಚೆಗೆ ಕೈ ಚಾಚಿ ಗೋಡೆಗಾಗಿ ತಡಕುತ್ತಿದ್ದಳು. ನೀವು ಕಂಬಿಯನ್ನು ತೋಳಿಗೆ ಎಟುಕದಷ್ಟು ದೂರಕ್ಕೆ ಹಾಕಿಸಿದ್ದೀರಿ. ಬೆರಳು ಮುಟ್ಟಲಿಲ್ಲ. ಬೆಣಚುಕಲ್ಲುಗಳನ್ನು ಜೇಬಿಗೆ ಹಾಕಿಕೊಂಡು, ನೀರನ್ನೂ ಕಣ್ಣಿಗೆ ಹಚ್ಚದೆ, “ನಡಿ, ಕನ್ಸೆಪ್ಟಾ” ಅಂದಳು.

ಮನೆಗೆ ಬಂದು ಟೀ ಮಾಡಿಕೊಟ್ಟೆ. ‘ಹೋಗ್ಲಿ ಬಿಡಕ್ಕ, ನೀರು ನಾನು ತಂದ್ಕೊಡ್ತೀನಿ’ ಅಂದೆ. ಅದಕ್ಕೆ ಅವಳು, “ಕಣ್ಣು ಕೊಡು ಅಂತ ಕೇಳೋದು ಬಿಟ್ಟು ಎಷ್ಟೋ ಕಾಲ ಆಯ್ತು ಕಣೇ. ಕುರುಡಿ ಆದ್ಮೇಲೆ ನನ್ನನ್ನ ಕೆಟ್ಟವಳು ಮಾಡ್ಬೇಡ ಅಂತ ಕೇಳ್ತೀನಿ, ಅಷ್ಟೇ. ಅದನ್ನ ಶಾಪದ ದಾರೀಲಿ ನಡೆದು ಹೆಂಗೆ ಕೇಳ್ಲಿ?” ಅಂದಳು. ಮಾನ್ಯರೇ, ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

ಇದೆಯಂತೆ. ನಿಮ್ಮ ಕಚೇರಿಗೆ ಫೋನು ಮಾಡಿದಾಗ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, “ಯಾವ ಕಡೆಗೆ ಸುತ್ತಿದ್ರೂ ದೂರ ಒಂದೇ ಅಲ್ವಾ ಮೇಡಂ?” ಅಂದಳು. ಸರಿ. ನಾಳೆ ಬೆಳಿಗ್ಗೆ ಕಚೇರಿಗೆ ಬರುವಾಗ, ಪಟ್ಟಣದ ಆಸ್ಪತ್ರೆ ವೃತ್ತದಲ್ಲಿ ನಿಮ್ಮ ಕಾರನ್ನು ಎದುರು ದಿಕ್ಕಿಗೆ ಸುತ್ತಿಸಿ ನೋಡಿ. ದೂರ ಒಂದೇ. ಅಲ್ಲಿ ದಿನಾಲೂ ವೃತ್ತವನ್ನು ಬಲಗೈಗೆ ಇಟ್ಟುಕೊಂಡು, ನಮ್ಮಷ್ಟೇ ಭಕ್ತಿಯಿಂದ ಸುತ್ತುತ್ತೀರಲ್ಲ, ಯಾಕೆ?

ದೇವರು ದಿಕ್ಕು ನೋಡುತ್ತಾನೆಯೇ ಎಂದು ಕೇಳುವಿರಿ. ನೋಡಲಿಕ್ಕಿಲ್ಲ. ಆದರೆ ಅವನ ಹತ್ತಿರ ಹೋಗುವವರು ನೋಡುತ್ತಾರೆ. ಇಂಗ್ಲಿಷ್ ದೊರೆಗಳು ನಮ್ಮ ಪೂಜೆಗೆ ಬೀಗ ಹಾಕಿದ ಕಾಲದಲ್ಲಿ ನಮ್ಮವರು ಬಾವಿಯ ಆ ಕಲ್ಲುಗಳನ್ನು ಹಿಡಿದುಕೊಂಡೇ ಉಳಿದರು. ಸೈನಿಕರು ಬಂದರೂ ಬಾವಿ ಮುಚ್ಚಲಾಗಲಿಲ್ಲ. ನೀವು ಮುಚ್ಚಲಿಲ್ಲ, ಅಲಂಕಾರ ಮಾಡಿದಿರಿ. ಸೈನಿಕರ ಕೈಲಾಗದ ಕೆಲಸ ಆಯಿತು.

ನಮಗೆ ನಿಮ್ಮ ಕಾಸು ಬೇಡ, ಕಾಫಿ ಬೇಡ, ಕ್ಷಮಾಪಣೆಯೂ ಬೇಡ. ಗೇಟನ್ನೂ ಬಾಣವನ್ನೂ ತಿರುಗಿಸಿ, ಗೋಡೆಯ ಕಡೆಯ ಕಂಬಿಯನ್ನು ಕಿತ್ತುಹಾಕಿ. ಮುಂದಿನ ವರ್ಷದ ಪರಿಶೀಲನೆಯಲ್ಲಿ ನೋಡೋಣ ಅನ್ನಬೇಡಿ, ಬರುವ ನವೆಂಬರ್ ಒಂದರ ಸಕಲ ಸಂತರ ಹಬ್ಬದೊಳಗೆ ಆಗಬೇಕು. ಅಕ್ಕನ ಕಿಂಡಿಯಷ್ಟು ಬೆಳಕು ಚಳಿಗಾಲ ದಾಟುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಕಣ್ಣಿಗೆ ಬಾವಿಯ ನೀರು ಕಾಣುತ್ತಿರುವಾಗಲೇ ಅವಳು ಒಮ್ಮೆ ಬಲಕ್ಕೆ ಸುತ್ತಬೇಕು.

ಕೊನೆಗೊಂದು ಮಾತು. ಈ ಬೇಸಿಗೆಯೆಲ್ಲ ಬಸ್ಸುಗಟ್ಟಲೆ ಜನ ಬಂದು, ಏನೂ ಅರಿಯದೆ, ನಗುತ್ತ, ನೀವು ತೋರಿಸಿದ ಕಡೆಗೆ ಬಾವಿಯನ್ನು ಸುತ್ತಿ ಹೋಗಿದ್ದಾರೆ. ಇಷ್ಟೊಂದು ಶಾಪ ಎಲ್ಲಿಗಾದರೂ ಹೋಗಿ ಬೀಳಲೇಬೇಕು. ಅದು ನಿಮ್ಮ ತಲೆಯ ಮೇಲೆ ಬೀಳದಿರಲಿ ಎಂದು ದಿನಾ ಸಂಜೆ ಜಪಸರದಲ್ಲಿ ನಿಮಗಾಗಿಯೂ ಒಂದು ‘ನಮೋ ಮರಿಯಾ’ ಹೇಳುತ್ತೇನೆ. ಸುಳ್ಳಾಡುವುದಿಲ್ಲ ಮಾನ್ಯರೇ, ಈಚೆಗೆ ಆ ಮಣಿಗೆ ಬಂದಾಗ, ಹೇಳಲೋ ಬೇಡವೋ ಎಂದು ನನ್ನ ಬೆರಳು ತಡೆಯುತ್ತಿದೆ.

ಇಂತಿ,
ಕಂಬಿಯ ಹೊರಗೆ ನಿಂತ,
ಕನ್ಸೆಪ್ಟಾ ಡರ್ಕನ್
ಕ್ಲೂನ್‌ಬ್ರಾಕ್