ಕಾಲರ್ ಇಲ್ಲದ ಗೆರೆ

ಮಾರ್ಚ್ 3, ಸೋಮವಾರ

ಮತ್ತೆ ಅದೇ ಶೀಟು. ಎ ಕಾಲಂನಲ್ಲಿ ವಯಸ್ಸು, ಬಿ ಕಾಲಂನಲ್ಲಿ ಗಂಟೆಗೆ ಎಷ್ಟು ಪೀಸ್ ಹೊಲಿಯುತ್ತಾರೆ ಅನ್ನುವುದು. ಹೊಲಿಗೆ ಬಿಟ್ಟು ಶರ್ಟ್ ಫ್ಯಾಕ್ಟರಿಯ ಆಫೀಸಿಗೆ ಬಂದು ಎರಡು ತಿಂಗಳಾಯಿತು. ಇನ್ನೂ ಟ್ರಯಲ್. ಕಾಲು ಈಗಲೂ ಮೇಜಿನ ಕೆಳಗೆ ಪೆಡಲ್ ಹುಡುಕುತ್ತದೆ.

ಹೊಸ ಮ್ಯಾನೇಜರ್ ಬಂದು ಹಿಂದೆ ನಿಂತರು. "ಇದಕ್ಕೊಂದು ಟ್ರೆಂಡ್‌ಲೈನ್ ಹಾಕಮ್ಮ. ವಯಸ್ಸಿಗೂ ಸ್ಪೀಡಿಗೂ ಏನು ಸಂಬಂಧ ನೋಡೋಣ. ಹೆಡ್ ಆಫೀಸಿನವ್ರು ಕೇಳ್ತಿದಾರೆ."

ಸ್ಕ್ಯಾಟರ್ ಚಾರ್ಟ್ ಹಾಕಿದೆ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ರೈಟ್ ಕ್ಲಿಕ್, ಆಡ್ ಟ್ರೆಂಡ್‌ಲೈನ್, ಕೆಳಗೆ ಎರಡು ಟಿಕ್ — ಸಮೀಕರಣಕ್ಕೊಂದು, ಆರ್ ಸ್ಕ್ವೇರಿಗೊಂದು. ಗೆರೆ ಬಲಕ್ಕೆ ಜಾರಿತು. y = –0.9x + 72. ವಯಸ್ಸು ಒಂದು ವರ್ಷ ಹೆಚ್ಚಾದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಪೀಸ್ ಕಡಿಮೆ. ಆರ್ ಸ್ಕ್ವೇರ್ 0.74. ಅಂದರೆ ಸ್ಪೀಡಿನ ಏರುಪೇರಿನಲ್ಲಿ ಮುಕ್ಕಾಲು ಪಾಲು ವಯಸ್ಸಿನ ತಲೆಗೆ ಬಂತು.

"ಭೇಷ್! ನಿನ್ನನ್ನ ಖಾಯಂ ಮಾಡೋಕೆ ಬರೀತೀನಿ."

ಖುಷಿಯಾಯಿತು. ತುಂಬ.

ಒಂದು ಮಾತು ನಾಲಿಗೆಯ ತುದಿವರೆಗೂ ಬಂದಿತ್ತು. ಕಾಲರ್. ನಮ್ಮಲ್ಲಿ ಚೆನ್ನಾಗಿ ಪಳಗದ ಕೈಗೆ ಕಾಲರ್ ಕೊಡುವುದಿಲ್ಲ. ಹಾಗಾಗಿ ಕಾಲರ್ ಲೈನಿನಲ್ಲಿ ಇರುವವರೆಲ್ಲ ವಯಸ್ಸಾದವರೇ. ಹುಡುಗಿಯರಿಗೆ ಸೈಡ್ — ಶರ್ಟಿನ ಪಕ್ಕದ ನೇರ ಹೊಲಿಗೆ, ಸರ್ರನೆ ಓಡುತ್ತದೆ. ಒಂದು ಕಾಲರ್ ತಿರುಗಿಸಿ ಕೂರಿಸುವಷ್ಟರಲ್ಲಿ ಎರಡು ಸೈಡ್ ಮುಗಿದಿರುತ್ತದೆ. ಸೈಡ್ ಹೊಲಿದೇ ಬಂದವಳು ನಾನು, ಗೊತ್ತಿಲ್ಲದ್ದೇನಲ್ಲ. ಮ್ಯಾನೇಜರಿಗೆ ಗೊತ್ತಿಲ್ಲ. ಕೇಳಿದರೆ ಹೇಳೋಣ ಅಂದುಕೊಂಡೆ... ಕೇಳಲಿಲ್ಲ.

ಮಾರ್ಚ್ 5, ಬುಧವಾರ

ಚಾರ್ಟು ನೋಟಿಸ್ ಬೋರ್ಡ್ ಹತ್ತಿತು. ಕೆಳಗೆ ನನ್ನ ಹೆಸರು. ಚಿಕ್ಕಮ್ಮ ಕಾಲರ್ ಲೈನಿನಿಂದ ನಾಲ್ಕು ಜನರನ್ನು ಎಳೆದುಕೊಂಡು ಬಂದಳು. "ನೋಡ್ರೇ, ನಮ್ಮ ಹುಡುಗಿ ಮಾಡಿದ್ದು!" ಅಮ್ಮ ಹೋದ ಮೇಲೆ ಸಾಕಿದವಳು. ಇಲ್ಲಿಗೆ ಸೇರಿಸಿದವಳು. ಕಂಪ್ಯೂಟರ್ ಕ್ಲಾಸಿಗೆ ಹೋಗು ಹೋಗು ಎಂದು ಬೆನ್ನು ಹತ್ತಿದವಳೂ ಅವಳೇ.

ಮನೆಗೆ ಬಂದ ಮೇಲೆ ಗೆರೆ ಏನು ಹೇಳುತ್ತದೆ ಎಂದು ಕೇಳಿದಳು. ತಮಾಷೆ ಮಾಡಿ ಜಾರಿಕೊಂಡೆ — ಅದರ ಪ್ರಕಾರ ಈಗ ತಾನೇ ಹುಟ್ಟಿದ ಮಗು ಗಂಟೆಗೆ ಎಪ್ಪತ್ತೆರಡು ಪೀಸ್ ಹೊಲಿಯುತ್ತದೆ ಎಂದೆ.

"ಹಾಗಾದ್ರೆ ಲೈನಿಗೆ ತೊಟ್ಟಿಲು ತರ್ಸಿ!" ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾರ್ಚ್ 11, ಮಂಗಳವಾರ

ಐವತ್ತು ದಾಟಿದವರಿಗೆಲ್ಲ ಇಪ್ಪತ್ತೊಂದನೇ ತಾರೀಖು ಕೊನೆಯ ದಿನ. ಕಾಲರ್ ಲೈನ್ ಅರ್ಧ ಖಾಲಿಯಾಗುತ್ತದೆ. ಚಿಕ್ಕಮ್ಮನಿಗೂ ಚೀಟಿ ಬಂತು. "ಲೆಕ್ಕವೇ ಹೇಳ್ತಿದೆಯಲ್ಲಮ್ಮ" ಅಂದರು ಮ್ಯಾನೇಜರ್. ಯಾರ ಲೆಕ್ಕ? ನನ್ನದು.

ಎಲ್ಲರೂ ಊಟಕ್ಕೆ ಹೋದಾಗ ಶೀಟು ತೆರೆದು ಸಿ ಕಾಲಂ ಸೇರಿಸಿದೆ. ಕಾಲರ್ ಹೊಲಿಯುವವರಿಗೆ 1, ಉಳಿದವರಿಗೆ 0. ಡೇಟಾ ಅನಾಲಿಸಿಸ್, ರಿಗ್ರೆಶನ್, ವಯಸ್ಸು ಮತ್ತು ಕಾಲರ್ ಎರಡನ್ನೂ ಒಟ್ಟಿಗೆ ಕೊಟ್ಟೆ. ವಯಸ್ಸಿನ ಮುಂದೆ –0.05. ಪಿ ವ್ಯಾಲ್ಯೂ 0.61 — ಅಂದರೆ ಇದ್ದರೂ ಇಲ್ಲದ ಹಾಗೆ, ಆಕಸ್ಮಿಕವಾಗಿಯೂ ಇಷ್ಟು ವ್ಯತ್ಯಾಸ ಬರಬಹುದು. ಕಾಲರಿನ ಮುಂದೆ –22, ಅಂದರೆ ಕಾಲರ್ ಹೊಲಿಯುವವರಿಗೆ ಗಂಟೆಗೆ ಇಪ್ಪತ್ತೆರಡು ಪೀಸ್ ಕಡಿಮೆ. ಗೆರೆಯನ್ನು ಕೆಳಗೆ ಎಳೆದದ್ದು ಕಾಲರ್. ವಯಸ್ಸು ಪಾಪ ಸುಮ್ಮನೆ ಪಕ್ಕದಲ್ಲಿ ನಿಂತಿತ್ತು.

ಪೆನ್ ಡ್ರೈವಿಗೆ ಹಾಕಿಕೊಂಡೆ. ನಾಳೆ ಮೊದಲ ಕೆಲಸ ಇದೇ.

ಮಾರ್ಚ್ 12

ತೋರಿಸಲಿಲ್ಲ. ಮ್ಯಾನೇಜರ್ ಮೀಟಿಂಗಿನಲ್ಲಿದ್ದರು.

ಸುಳ್ಳು. ಮಧ್ಯಾಹ್ನವೆಲ್ಲ ಬಿಡುವಾಗಿಯೇ ಇದ್ದರು. ಎರಡು ಸಲ ಬಾಗಿಲವರೆಗೆ ಹೋಗಿ ನೀರು ಕುಡಿದು ಬಂದೆ.

ಮಾರ್ಚ್ 13

ಖಾಯಂ ಆರ್ಡರ್ ಕೈಗೆ ಬಂತು. ಚಿಕ್ಕಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. "ನಂದು ಹೋದ್ರೆ ಹೋಗ್ಲಿ ಬಿಡೇ, ನಿಂದು ಗಟ್ಟಿಯಾಯ್ತಲ್ಲ."

ಛೀ. ನಾನೂ ಮನುಷ್ಯಳಾ?

ಮಾರ್ಚ್ 19, ಬುಧವಾರ

ಖಾಯಂ ಆದವರು ಲ್ಯಾಪ್‌ಟಾಪ್ ಮನೆಗೆ ತರಬಹುದು. ಇವತ್ತು ತಂದಿದ್ದೇನೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತಳು. "ಇನ್ಮೇಲೆ ನಂಗೂ ಪುರುಸೊತ್ತು. ಇದನ್ನ ಕಲಿಸ್ಕೊಡೇ. ಆ ಗೆರೆ ಹೆಂಗೆ ಎಳೆದೆ ತೋರ್ಸು."

ತೋರಿಸಿದೆ.

"ಇದ್ರಲ್ಲಿ ನಾನೆಲ್ಲಿದೀನಿ?"

ಬೆರಳಿಟ್ಟೆ. ಬಲಗಡೆ, ತಳದಲ್ಲಿ.

"ಇಷ್ಟು ಕೆಳಗಾ? ಯಾಕೇ, ನಾನೇನು ಮಿಷನ್ ಮೇಲೆ ನಿದ್ದೆ ಮಾಡ್ತಿದ್ನಾ?" ನಗುತ್ತಲೇ ಕೇಳಿದಳು. ನನಗೆ ತಡೆಯಲಾಗಲಿಲ್ಲ. ಕಾಲರಿನ ಕಾಲಂ ಬಿಟ್ಟುಹೋಗಿದ್ದನ್ನು ಹೇಳಿದೆ. ಎರಡನೇ ಶೀಟನ್ನೂ ತೆರೆದೆ. ಅವಳು ಕಾಲರಿನ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು.

"ಮೊದಲೇ ಯಾಕೆ ಹಾಕ್ಲಿಲ್ಲ?"

"ಮರೆತೆ, ಚಿಕ್ಕಮ್ಮ."

ಬಾಯಿಂದ ಎಷ್ಟು ಸಲೀಸಾಗಿ ಬಂತು!

"ಅಯ್ಯೋ, ಅಷ್ಟಕ್ಕೆ ಇಷ್ಟು ದಿನ ಮುಖ ಊದಿಸ್ಕೊಂಡಿದ್ಯಾ? ಮರೆವು ಯಾರಿಗಿಲ್ಲ? ನಾಳೆ ಇಬ್ರೂ ಹೋಗಿ ಸಾಹೇಬ್ರಿಗೆ ಹೇಳೋಣ. ಎಲ್ರ ಕೆಲ್ಸಾನೂ ಉಳಿಯತ್ತೆ. ಹೆದರ್ಬೇಡ, ಬೈದ್ರೆ ನಾನಿದೀನಿ."

ಬೈದರೆ ಅವಳಿದ್ದಾಳಂತೆ.

ಮಾರ್ಚ್ 20, ಬೆಳಿಗ್ಗೆ 7.30

ಚಿಕ್ಕಮ್ಮ ತಲೆ ಬಾಚಿಕೊಳ್ಳುತ್ತಿದ್ದಾಳೆ. ಒಳ್ಳೆಯ ಸೀರೆ ಉಟ್ಟಿದ್ದಾಳೆ.

ಪೆನ್ ಡ್ರೈವಿನಲ್ಲಿ ಎರಡನೇ ಶೀಟಿನ ಫೈಲಿನ ಹೆಸರಿನ ಪಕ್ಕದಲ್ಲಿ 11ನೇ ತಾರೀಖು ಕಾಣುತ್ತಿದೆ. ಮ್ಯಾನೇಜರ್ ಕಣ್ಣಿಗೆ ಬಿದ್ದರೆ ಕೇಳಿಯೇ ಕೇಳುತ್ತಾರೆ — ಇಷ್ಟು ದಿನ ಎಲ್ಲಿಟ್ಟಿದ್ದೆ? ಅದೂ ಅವಳ ಎದುರಿಗೆ. ಇನ್ನೊಮ್ಮೆ ಸೇವ್ ಮಾಡಿದರೆ ಇವತ್ತಿನ ತಾರೀಖು ಬೀಳುತ್ತದೆ. ಒಂದು ಕೀ ಒತ್ತಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಬೆರಳಿಟ್ಟೆ. ತೆಗೆದೆ. ಸೇವ್ ಮಾಡದೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

"ಹೊರಟ್ಯೇನೇ? ಸಾಹೇಬ್ರು ಬರೋಷ್ಟರಲ್ಲಿ ನಾವು ಬಾಗಿಲಲ್ಲಿರ್ಬೇಕು."

ದಾರಿಯಲ್ಲೇ ಹೇಳಿಬಿಡಬೇಕು. ಬೇರೆಯವರಿಂದ ತಿಳಿಯುವ ಮೊದಲು. ಇಲ್ಲಿ ಒಮ್ಮೆ ಬರೆದುಕೊಂಡರೆ ಬಾಯಿಗೂ ಬರಬಹುದು... ಚಿಕ್ಕಮ್ಮ, ನಾನು ಮರೆತಿರಲಿಲ್ಲ. ನನಗೆ ಈ ಕೆಲಸ ಖಾಯಂ ಆಗಬೇಕಿತ್ತು, ಅದಕ್ಕೇ...